ಹಸಿರು ಲೇಬಲ್ಲಿನ ಹಲ್ಕ್: ಹಳೇ ಕಾಮಿಕ್ಸನ್ನು ಸಿಜಿಸಿಗೆ ಕಳಿಸಿದ ಕಥೆ

ಮಗಳು ಒಂದೊಂದೇ ಪುಟ ತಿರುಗಿಸುತ್ತಾ ಹೋದವಳು ಒಂದು ಕಡೆ ನಿಂತಳು. "ಅಪ್ಪಾ, ಇಲ್ಲೊಂದು ಕಿಟಕಿ ಇದೆ" ಅಂದಳು.

ಬೆಂಕಿಪೊಟ್ಟಣದಷ್ಟು ಅಗಲದ ಕಿಟಕಿ. ಓದುಗರ ಪತ್ರಗಳ ಪುಟದಲ್ಲಿತ್ತು. ಯಾರೋ ಕತ್ತರಿ ಹಿಡಿದು ನಾಲ್ಕೂ ಕಡೆ ನೀಟಾಗಿ ಕತ್ತರಿಸಿದ್ದರು. ಒಂದು ಮೂಲೆಯಲ್ಲಿ ಮಾತ್ರ ಕತ್ತರಿ ಸ್ವಲ್ಪ ಮುಂದೆ ಹೋಗಿ ಸಣ್ಣ ಸೀಳು ಬಿಟ್ಟಿತ್ತು. ಮಕ್ಕಳ ಕೈಯ ಕೆಲಸ ಅಂತ ನೋಡಿದ ತಕ್ಷಣ ಗೊತ್ತಾಗುತ್ತಿತ್ತು. ಆ ಕಿಟಕಿಯಿಂದ ಮುಂದಿನ ಪುಟದ ಬಣ್ಣ ಇಣುಕುತ್ತಿತ್ತು.

ನನ್ನ ಕೈ ತಣ್ಣಗಾಯಿತು. ಪುಸ್ತಕ ಯಾವುದು ಅಂದರೆ 'ದಿ ಇನ್‌ಕ್ರೆಡಿಬಲ್ ಹಲ್ಕ್' 181ನೇ ಸಂಚಿಕೆ, 1974ರ ನವೆಂಬರ್. ವುಲ್ವರಿನ್ ಅನ್ನುವ ಪಾತ್ರ ಪೂರ್ತಿಯಾಗಿ ಕಾಣಿಸಿಕೊಂಡ ಮೊದಲ ಸಂಚಿಕೆ. ಅದರ ಹಿಂದಿನ 180ನೇ ಸಂಚಿಕೆಯ ಕೊನೆಯ ಚೌಕಟ್ಟಿನಲ್ಲಿ ಒಮ್ಮೆ ಮುಖ ತೋರಿಸಿದ್ದ, ಅಷ್ಟೇ. ಮುಖಬೆಲೆ 25 ಸೆಂಟ್. ನಾನು ಕೊಟ್ಟಿದ್ದು 1,900 ಡಾಲರ್. ಮಗಳಿಗೆ ಹದಿನೆಂಟು ತುಂಬಿದ್ದಕ್ಕೆ ಕೊಟ್ಟ ಉಡುಗೊರೆ. ಐದನೇ ಕ್ಲಾಸಿನಿಂದ ಅವಳಿಗೆ ವುಲ್ವರಿನ್ ಅಂದ್ರೆ ಪ್ರಾಣ.

ಕತ್ತರಿಸಿದ್ದು ಏನು ಅಂತ ಹೇಳಬೇಕು. 1974ರಲ್ಲಿ ಮಾರ್ವೆಲ್ ಕಂಪನಿ ತನ್ನ ಕಾಮಿಕ್ಸ್‌ಗಳ ಒಳಗೆ 'ಮಾರ್ವೆಲ್ ವ್ಯಾಲ್ಯೂ ಸ್ಟ್ಯಾಂಪ್' ಅಂತ ಚಿಕ್ಕ ಚಿತ್ರಗಳನ್ನು ಅಚ್ಚು ಮಾಡಲು ಶುರು ಮಾಡಿತು. ಒಟ್ಟು ನೂರು. ಮಕ್ಕಳು ಅವನ್ನು ಕತ್ತರಿಸಿ, ಅಂಚೆಯಲ್ಲಿ ತರಿಸಿದ ಆಲ್ಬಮ್ಮಿಗೆ ಅಂಟಿಸಬೇಕು. ಹಲ್ಕ್ 181ರಲ್ಲಿ ಇದ್ದದ್ದು 54ನೇ ಸ್ಟ್ಯಾಂಪ್, ಶಾನಾ ಅನ್ನುವ ಕಾಡಿನ ನಾಯಕಿಯ ಚಿತ್ರ. ಕಂಪನಿಯೇ ಕತ್ತರಿಸಿ ಅಂತ ಹೇಳಿದ ಮೇಲೆ ಮಕ್ಕಳು ಬಿಡ್ತಾರಾ? ಸಾವಿರಾರು ಪ್ರತಿಗಳಿಗೆ ಹೀಗೆ ಕಿಟಕಿ ಬಿತ್ತು. ಆ ಮಕ್ಕಳ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ಅವರು ಮಾಡಿದ್ದು ಸರಿ. ಪುಸ್ತಕ ಅವರದು.

ಸಿಟ್ಟು ಇರುವುದು ಮಾರಿದವನ ಮೇಲೆ. ಆನ್‌ಲೈನಿನಲ್ಲಿ ಕೊಂಡಿದ್ದೆ. ಎಂಟು ಫೋಟೋ ಹಾಕಿದ್ದ. ಮುಖಪುಟ, ಹಿಂಬದಿ, ಬೆನ್ನು, ನಡುವಿನ ಪಿನ್ನು, ಎಲ್ಲಾ ಇತ್ತು. ಪತ್ರಗಳ ಪುಟ ಮಾತ್ರ ಇರಲಿಲ್ಲ. 'ಒಳಗೆ ಎಲ್ಲ ಸರಿ ಇದೆ' ಅಂತ ಬರೆದಿದ್ದ. ನಾನು ಹುಟ್ಟುಹಬ್ಬದವರೆಗೆ ಕವರ್ ಬಿಚ್ಚದೆ ಬೀರುವಿನಲ್ಲಿ ಇಟ್ಟೆ. ಅಷ್ಟರಲ್ಲಿ ವಾಪಸ್ ಕೊಡುವ ದಿನ ದಾಟಿತ್ತು. ಪತ್ರ ಬರೆದೆ, ಉತ್ತರ ಬರಲಿಲ್ಲ. ಹಲ್ಕ್ 181 ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಸ್ಟ್ಯಾಂಪ್ ಇದೆಯಾ, ಆ ಪುಟದ ಫೋಟೋ ಕಳಿಸಿ. ಕಳಿಸದಿದ್ದರೆ ಬಿಟ್ಟುಬಿಡಿ.

ಹೀಗಾಗಿ, ಮಾರಿಬಿಡೋಣ ಅನ್ನುವ ಯೋಚನೆಯೂ ಇದ್ದದ್ದರಿಂದ, ನಾನು ಸಿಜಿಸಿಯ ಬಾಗಿಲಿಗೆ ಹೋದೆ. ನನ್ನ ಈ ವಿಮರ್ಶೆ ಅದರ ಸೇವೆಯ ಬಗ್ಗೆ.

ಸಿಜಿಸಿ ಅಂದರೆ ಸರ್ಟಿಫೈಡ್ ಗ್ಯಾರಂಟಿ ಕಂಪನಿ. 2000ನೇ ಇಸವಿಯಲ್ಲಿ ಶುರುವಾಯಿತು. ಇರುವುದು ಫ್ಲೋರಿಡಾದ ಸಾರಸೋಟಾದಲ್ಲಿ. ಇವರು ಕಾಮಿಕ್ಸ್ ಮಾರುವುದಿಲ್ಲ. ನಾವು ಕಳಿಸಿದ ಪುಸ್ತಕವನ್ನು ಒಬ್ಬರಿಗಿಂತ ಹೆಚ್ಚು ಜನ ಬಿಡಿಸಿ ನೋಡುತ್ತಾರೆ. ಪುಟ ಎಣಿಸುತ್ತಾರೆ. ಯಾರಾದರೂ ಬಣ್ಣ ತೀಡಿದ್ದಾರಾ, ಅಂಚು ಕತ್ತರಿಸಿದ್ದಾರಾ, ಅಂಟು ಹಾಕಿದ್ದಾರಾ ಅಂತ ಹುಡುಕುತ್ತಾರೆ. ಆಮೇಲೆ 0.5ರಿಂದ 10.0ರವರೆಗೆ ಒಂದು ಅಂಕ ಕೊಟ್ಟು, ಗಟ್ಟಿ ಪಾರದರ್ಶಕ ಡಬ್ಬಿಯೊಳಗೆ ಸೀಲ್ ಮಾಡಿ ವಾಪಸ್ ಕಳಿಸುತ್ತಾರೆ. ಈ ಡಬ್ಬಿಗೆ ಇಲ್ಲಿನವರು ಸ್ಲ್ಯಾಬ್ ಅನ್ನುತ್ತಾರೆ. ಡಬ್ಬಿಗೆ ಹೋಗದ ಪುಸ್ತಕ ಅಂದ್ರೆ 'ರಾ'. ನಾನು ಕೊಂಡಿದ್ದು ರಾ.

ಅಂಕದಷ್ಟೇ ಮುಖ್ಯ ಲೇಬಲ್ಲಿನ ಬಣ್ಣ. ನೀಲಿ ಅಂದರೆ ಮಾಮೂಲಿ, ಯಾವ ತಕರಾರೂ ಇಲ್ಲ. ಹಳದಿ ಅಂದರೆ ಸಿಜಿಸಿಯವರ ಕಣ್ಣೆದುರಿಗೇ ಬರಹಗಾರನೋ ಚಿತ್ರಕಾರನೋ ಸಹಿ ಹಾಕಿದ ಪ್ರತಿ. ನೇರಳೆ ಅಂದರೆ ರಿಪೇರಿ ಆದದ್ದು. ಮುಖಪುಟದ ಬಣ್ಣ ಹೋದ ಕಡೆ ಯಾರೋ ಪೆನ್ನಿನಿಂದ ತೀಡಿದ್ದರೂ ನೇರಳೆ ಬೀಳಬಹುದು, ಬೆಲೆ ಧೊಪ್ಪಂತ ಇಳಿಯುತ್ತದೆ. ಹಸಿರು ಅಂದರೆ 'ಕ್ವಾಲಿಫೈಡ್': ಉಳಿದಂತೆ ಪುಸ್ತಕ ಚೆನ್ನಾಗಿದೆ, ಆದರೆ ಒಂದು ದೊಡ್ಡ ಕೊರತೆ ಇದೆ, ಆ ಕೊರತೆ ಇದು ಅಂತ ಬರೆದು ಹೇಳುವ ಲೇಬಲ್.

ನಾನು ಇರುವುದು ಓಹಾಯೋದ ಕೊಲಂಬಸ್ಸಿನಲ್ಲಿ. ಸಿಜಿಸಿಗೆ ಸದಸ್ಯರಾಗಿ ನೇರ ಕಳಿಸಬಹುದು. ಇಲ್ಲಾ ಅವರ ಒಪ್ಪಿಗೆ ಇರುವ ಅಂಗಡಿಯ ಮೂಲಕ ಕಳಿಸಬಹುದು. ನಾನು ಎರಡನೇ ದಾರಿ ಹಿಡಿದೆ. ಅಂಗಡಿಯವರೇ ಪುಸ್ತಕವನ್ನು ಎರಡು ರಟ್ಟಿನ ನಡುವೆ ಇಟ್ಟು, ಅಲುಗದ ಹಾಗೆ ಕಟ್ಟಿ, ವಿಮೆ ಮಾಡಿಸಿ ಕಳಿಸಿದರು. ಶುಲ್ಕ ಪುಸ್ತಕದ ಬೆಲೆ ಮೇಲೆ ಏರುತ್ತದೆ. ಪ್ರೆಸ್ಸಿಂಗ್, ಅಂಚೆ, ವಿಮೆ ಎಲ್ಲಾ ಸೇರಿ ನನಗೆ 200 ಡಾಲರ್ ಹತ್ತಿರ ಬಂತು. ಹತ್ತು ವಾರ ಆಗಬಹುದು ಅಂದಿದ್ದರು, ಅಷ್ಟೇ ಆಯಿತು.

ಪ್ರೆಸ್ಸಿಂಗ್ ಅಂದರೆ ಇಸ್ತ್ರಿ ಅಂದುಕೊಳ್ಳಿ. ಸ್ವಲ್ಪ ಬಿಸಿ, ಸ್ವಲ್ಪ ತೇವ, ಭಾರ. ಕಾಗದ ಮಡಚಿದ್ದು, ಉಬ್ಬಿದ್ದು, ಬೆರಳಿನ ಒತ್ತು ಬಿದ್ದದ್ದು ಹೋಗುತ್ತದೆ. ಬಣ್ಣ ಒಡೆದು ಬಿಳಿ ಗೆರೆ ಕಾಣಿಸುತ್ತಿದ್ದರೆ ಅದು ಹೋಗುವುದಿಲ್ಲ. ನನ್ನ ಪ್ರತಿಯಲ್ಲಿ ಬೆನ್ನಿನ ಉದ್ದಕ್ಕೂ ಐದಾರು ಬಿಳಿ ಗೆರೆಗಳಿದ್ದವು, ಅವು ಹಾಗೇ ಉಳಿದವು. ಬಲಗಡೆ ಕೆಳಮೂಲೆಯ ಮಡಿಕೆ ಮಾತ್ರ ಪೂರ್ತಿ ಮಾಯ. ಸಾವಿರ ಡಾಲರಿನ ಪುಸ್ತಕಕ್ಕೆ ಪ್ರೆಸ್ಸಿಂಗ್ ಮಾಡಿಸಿ ಅಂತ ಧೈರ್ಯವಾಗಿ ಹೇಳ್ತೀನಿ. ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಇಟ್ಟು ನೀವೇ ಪ್ರಯತ್ನ ಮಾಡಬೇಡಿ.

ವಾಪಸ್ ಬಂದಾಗ ಹಸಿರು ಲೇಬಲ್. 6.0. ಪುಟಗಳು ಕೆನೆಬಿಳಿ. ಅದರ ಕೆಳಗೆ ಸ್ಟ್ಯಾಂಪ್ ಇಲ್ಲ ಅಂತ ಒಂದು ಸಾಲು.

ಆ ಸಾಲು ಓದಿ ನನಗೆ ಬೇಜಾರಾಗಬೇಕಿತ್ತು ಅಲ್ವಾ? ಆಗಲಿಲ್ಲ. ಸಮಾಧಾನ ಆಯಿತು. ಮಾರಿದವನು ಮುಚ್ಚಿಟ್ಟಿದ್ದನ್ನು ಇವರು ಲೇಬಲ್ಲಿನ ಮೇಲೇ ಅಚ್ಚು ಹಾಕಿದ್ದರು. ನಾಳೆ ಈ ಪುಸ್ತಕ ಯಾರ ಕೈಗೆ ಹೋದರೂ ನನಗಾದದ್ದು ಅವರಿಗೆ ಆಗುವುದಿಲ್ಲ. ನನ್ನ ಪ್ರಕಾರ ಸಿಜಿಸಿ ಮಾರುತ್ತಿರುವುದು ಇದನ್ನೇ. ಒಬ್ಬರನ್ನೊಬ್ಬರು ನೋಡೇ ಇರದ ಇಬ್ಬರ ನಡುವೆ ನಂಬಿಕೆ. ಅದಕ್ಕೆ 200 ಡಾಲರ್ ಕೊಟ್ಟಿದ್ದು ನನಗೆ ಜಾಸ್ತಿ ಅನ್ನಿಸಲಿಲ್ಲ.

ಡಾಲಸ್ಸಿನ ಹೆರಿಟೇಜ್ ಆಕ್ಷನ್ಸ್ ಅನ್ನುವ ಹರಾಜು ಸಂಸ್ಥೆಯ ಹಳೇ ದಾಖಲೆಗಳನ್ನು ತೆಗೆದು ನೋಡಿದೆ. ಹೆಸರು ನೋಂದಾಯಿಸಿದರೆ ಸಾಕು, ಯಾವ ಪ್ರತಿ ಯಾವತ್ತು ಎಷ್ಟಕ್ಕೆ ಹೋಯಿತು ಅಂತ ಪುಕ್ಕಟೆ ನೋಡಬಹುದು. ಕಾಮಿಕ್ಸಿಗೆ ದುಡ್ಡು ಹಾಕುವ ಮೊದಲು ಇಲ್ಲಿ ಒಂದು ರಾತ್ರಿ ಕಳೆಯಿರಿ, ದಯವಿಟ್ಟು. ಅಲ್ಲಿ ಕಾಣುವ ಬೆಲೆಯಲ್ಲಿ ಕೊಳ್ಳುವವರು ಸಂಸ್ಥೆಗೆ ಕೊಡುವ ಕಮಿಷನ್ನೂ ಸೇರಿರುತ್ತದೆ ಅನ್ನುವುದು ನೆನಪಿರಲಿ. ಮಾರಿದವರ ಕೈಗೆ ಅಷ್ಟೂ ಹೋಗುವುದಿಲ್ಲ. ಹಲ್ಕ್ 181ರ ಹಸಿರು ಲೇಬಲ್ ಪ್ರತಿಗಳು ಅದೇ ಅಂಕದ ನೀಲಿ ಪ್ರತಿಗಳ ಸುಮಾರು ಅರ್ಧ ಬೆಲೆಗೆ ಹೋಗಿದ್ದವು. ಬೆಂಕಿಪೊಟ್ಟಣದಷ್ಟು ಕಾಗದಕ್ಕೆ ಅರ್ಧ ಬೆಲೆ!

ಇಲ್ಲಿಂದ ಮುಂದೆ ನನ್ನ ತಲೆ ಪೂರ್ತಿ ಬೆಲೆಯ ಹಿಂದೆ ಬಿತ್ತು. ಒಂದು ವಿಷಯ ಮೊದಲು ನಂಬಲು ಆಗಲಿಲ್ಲ. ಸಿಜಿಸಿ ತಾನು ಇಲ್ಲಿವರೆಗೆ ನೋಡಿದ ಪ್ರತಿಗಳ ಲೆಕ್ಕವನ್ನು ಎಲ್ಲರಿಗೂ ತೆರೆದಿಟ್ಟಿದೆ, ಅದಕ್ಕೆ ಸೆನ್ಸಸ್ ಅನ್ನುತ್ತಾರೆ. ಅದರಲ್ಲಿ ಹಲ್ಕ್ 181 ಹತ್ತು ಸಾವಿರಕ್ಕೂ ಜಾಸ್ತಿ ಇದೆ. ಹತ್ತು ಸಾವಿರ! ಇದು ಅಪರೂಪದ ಪುಸ್ತಕವೇ ಅಲ್ಲ. ಬೇಕು ಅಂದರೆ ಇವತ್ತೇ ಕೊಳ್ಳಬಹುದು. ಆದರೂ ಸಾವಿರಾರು ಡಾಲರ್. ಯಾಕೆಂದರೆ ಹತ್ತು ಸಾವಿರ ಪ್ರತಿ ಇದ್ದರೆ ಬೇಕು ಅನ್ನುವವರು ಅದಕ್ಕಿಂತ ಎಷ್ಟೋ ಪಟ್ಟು ಇದ್ದಾರೆ.

ನಿಜವಾದ ಅಪರೂಪ ಅಂದರೆ 'ಆಕ್ಷನ್ ಕಾಮಿಕ್ಸ್' 1ನೇ ಸಂಚಿಕೆ. 1938ರ ಜೂನ್, ಹತ್ತು ಸೆಂಟ್. ಸೂಪರ್‌ಮ್ಯಾನ್ ಹುಟ್ಟಿದ್ದು ಇದರಲ್ಲಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಮಕ್ಕಳು ಮನೆಮನೆಯಿಂದ ಹಳೇ ಕಾಗದ ಸೇರಿಸಿ ಕೊಟ್ಟರು, ಹಾಗೇ ಎಷ್ಟೋ ಕಾಮಿಕ್ಸ್ ಹೋದವು. ಇದರ ಪ್ರತಿ ಈಗ ಸುಮಾರು ನೂರು ಉಳಿದಿರಬಹುದು ಅಂತ ಬಲ್ಲವರ ಅಂದಾಜು. 2024ರ ಏಪ್ರಿಲ್‌ನಲ್ಲಿ 8.5 ಅಂಕದ ಒಂದು ಪ್ರತಿ ಹೆರಿಟೇಜ್‌ನಲ್ಲಿ 60 ಲಕ್ಷ ಡಾಲರಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ 50 ಕೋಟಿ ರೂಪಾಯಿ. 2025ರ ನವೆಂಬರ್‌ನಲ್ಲಿ 'ಸೂಪರ್‌ಮ್ಯಾನ್' 1ನೇ ಸಂಚಿಕೆಯ 9.0 ಪ್ರತಿ 91.2 ಲಕ್ಷ ಡಾಲರ್ ತಂದಿತು. ಆ ಪ್ರತಿಯನ್ನು ಮೂವರು ಅಣ್ಣತಮ್ಮಂದಿರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ತಾಯಿಯ ಮನೆಯ ಅಟ್ಟದಲ್ಲಿ ಕಂಡಿದ್ದರು. ಹಳೇ ಪತ್ರಿಕೆಗಳ ಅಡಿಯಲ್ಲಿ, ರಟ್ಟಿನ ಡಬ್ಬಿಯಲ್ಲಿ. ನನ್ನ ಹತ್ತಿರ ಅಂಥ ಕಾಮಿಕ್ಸ್ ಇವೆ ಅಂತ ತಾಯಿ ಮೊದಲೇ ಹೇಳಿದ್ದರಂತೆ. ಅವರು ಹೋದ ಮೇಲೆ ಸಿಕ್ಕವು.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ಹರಾಜು. ಸೂಪರ್‌ಮ್ಯಾನನ್ನು ಸೃಷ್ಟಿಸಿದ ಇಬ್ಬರು ಹುಡುಗರು ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್. ನಮ್ಮ ಓಹಾಯೋದವರೇ, ಕ್ಲೀವ್‌ಲ್ಯಾಂಡಿನವರು. 1938ರಲ್ಲಿ ಆ ಪಾತ್ರದ ಎಲ್ಲ ಹಕ್ಕನ್ನೂ 130 ಡಾಲರಿಗೆ ಕೊಟ್ಟುಬಿಟ್ಟರು. ಬೇರೆ ಕೆಲಸದ ದುಡ್ಡೂ ಸೇರಿ ಒಟ್ಟು 412 ಡಾಲರಿನ ಚೆಕ್ಕು. ಆ ಚೆಕ್ಕು ಹೇಗೋ ಉಳಿದುಕೊಂಡಿತು. 2012ರಲ್ಲಿ ಅದೂ ಹರಾಜಿಗೆ ಬಂತು. 1,60,000 ಡಾಲರಿಗೆ ಹೋಯಿತು. ಅವರ ಹಕ್ಕು ಕಿತ್ತುಕೊಂಡ ಕಾಗದ, ಅವರ ಪಾತ್ರದ ಹಕ್ಕಿಗಿಂತ ಸಾವಿರ ಪಟ್ಟು ಜಾಸ್ತಿ ಬೆಲೆಗೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗಂತ ಹಳೇ ಕಾಮಿಕ್ಸ್ ಎಲ್ಲಾ ಚಿನ್ನ ಅಂದುಕೊಳ್ಳಬೇಡಿ. 1991ರಲ್ಲಿ 'ಎಕ್ಸ್-ಮೆನ್' ಹೊಸ ಸಾಲಿನ 1ನೇ ಸಂಚಿಕೆ 80 ಲಕ್ಷಕ್ಕೂ ಜಾಸ್ತಿ ಪ್ರತಿ ಹೋಯಿತು. 1992ರಲ್ಲಿ ಸೂಪರ್‌ಮ್ಯಾನ್ ಸಾಯುವ 75ನೇ ಸಂಚಿಕೆ ಬಂದಾಗ ಜನ ಸಾಲು ನಿಂತು ಕೊಂಡರು. ಮಗನ ಕಾಲೇಜಿಗೆ ಆಗುತ್ತೆ ಅಂತ ಕವರ್ ಬಿಚ್ಚದೆ ಎತ್ತಿಟ್ಟರು. ಎಲ್ಲರೂ ಎತ್ತಿಟ್ಟಿದ್ದರಿಂದಲೇ ಅದಕ್ಕೆ ಬೆಲೆ ಬರಲಿಲ್ಲ. ಇವತ್ತು ಅಂಗಡಿಯ ಅಗ್ಗದ ಡಬ್ಬಿಯಲ್ಲಿ ಸಿಗುತ್ತವೆ. 2021ರಲ್ಲಿ ಕೋವಿಡ್ ಸಮಯದಲ್ಲಿ ಎಲ್ಲರೂ ಮನೆಯಲ್ಲಿ ಕೂತು ಕೊಂಡಾಗಲೂ ಬೆಲೆ ಹುಚ್ಚು ಹಿಡಿದ ಹಾಗೆ ಏರಿತ್ತು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಸ್ಪೈಡರ್‌ಮ್ಯಾನ್ ಮೊದಲು ಬಂದ 'ಅಮೇಜಿಂಗ್ ಫ್ಯಾಂಟಸಿ' 15ರ 9.6 ಪ್ರತಿ 36 ಲಕ್ಷ ಡಾಲರ್ ತಂದಿತು. ಮುಂದಿನ ವರ್ಷದಿಂದ ಸಾಧಾರಣ ಪ್ರತಿಗಳ ಬೆಲೆ ಇಳಿಯುತ್ತಾ ಹೋಯಿತು. ತುದಿಯಲ್ಲಿರುವ ನಾಲ್ಕಾರು ಪುಸ್ತಕಗಳ ಸುದ್ದಿ ಕೇಳಿ ನಮ್ಮ ಡಬ್ಬಿಯ ಬೆಲೆ ಕಟ್ಟಬಾರದು.

ಈಗ ನಮ್ಮ ಕಡೆಯ ಮಾತು.

ನಾನು ಬೆಳೆದದ್ದು ಅರಸೀಕೆರೆಯಲ್ಲಿ. ಅಪ್ಪ ರೈಲ್ವೆಯಲ್ಲಿದ್ದರು. ಸಂಬಳದ ದಿನ ಸ್ಟೇಷನ್ನಿನ ಪುಸ್ತಕದ ಅಂಗಡಿಯಿಂದ ಕನ್ನಡದ ಇಂದ್ರಜಾಲ ಕಾಮಿಕ್ಸ್ ತರುತ್ತಿದ್ದರು. ಫ್ಯಾಂಟಮ್, ಮಾಂಡ್ರೇಕ್, ಬಹದ್ದೂರ್. ಟೈಮ್ಸ್ ಆಫ್ ಇಂಡಿಯಾದವರು 1964ರ ಮಾರ್ಚ್‌ನಲ್ಲಿ ಫ್ಯಾಂಟಮ್ ಕಥೆಯಿಂದ ಶುರು ಮಾಡಿದ ಸಾಲು ಅದು, 1990ರಲ್ಲಿ ನಿಂತಿತು. ತಂದ ತಕ್ಷಣ ಅಪ್ಪ ಮುಖಪುಟದ ಮೇಲೆ ನೀಲಿ ಪೆನ್ನಿನಿಂದ ನನ್ನ ಹೆಸರು, ತರಗತಿ, ತಾರೀಕು ಬರೆಯುತ್ತಿದ್ದರು. ಪಕ್ಕದ ಮನೆಯವರು ಓದಿ ವಾಪಸ್ ಕೊಡಲಿ ಅಂತ. ಬೇಸಿಗೆ ರಜೆಯಲ್ಲಿ ಹತ್ತು ಹತ್ತು ಸೇರಿಸಿ ದಬ್ಬಣದಲ್ಲಿ ಚುಚ್ಚಿ ಹೊಲಿದು, ರಟ್ಟು ಹಾಕಿ ಬೈಂಡ್ ಮಾಡಿಸುತ್ತಿದ್ದರು. ಸಿಜಿಸಿಯ ಕಣ್ಣಿನಲ್ಲಿ ಇದೆಲ್ಲ ದೋಷ. ಪೆನ್ನಿನ ಬರಹ ದೋಷ, ದಬ್ಬಣದ ತೂತು ದೋಷ, ಅಂಚು ಕತ್ತರಿಸಿದ್ದಂತೂ ಇನ್ನೂ ದೊಡ್ಡ ದೋಷ.

ಅಪರೂಪದ ಲೆಕ್ಕಕ್ಕೆ ಬಂದರೆ ನಮ್ಮ ಹತ್ತಿರ ಇದಕ್ಕಿಂತ ದೊಡ್ಡದಿದೆ. ಅಮರ ಚಿತ್ರ ಕಥೆಯ 'ಕೃಷ್ಣ' ಪುಸ್ತಕದ ಹಳೇ ಪ್ರತಿಗಳ ಮೇಲೆ ಸಂಖ್ಯೆ 11 ಅಂತ ಯಾಕಿತ್ತು ಗೊತ್ತಾ? ಒಂದರಿಂದ ಹತ್ತು ಎಲ್ಲಿ ಹೋದವು? ಅವು ಬೆಂಗಳೂರಿನವು. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಅವರು 1965ರಲ್ಲಿ ಸಿಂಡ್ರೆಲಾ ಥರದ ಪಾಶ್ಚಾತ್ಯ ಕಥೆಗಳನ್ನು ಕನ್ನಡದಲ್ಲಿ ಚಿತ್ರಕಥೆಯಾಗಿ ತಂದರು. ಹತ್ತು ಪುಸ್ತಕ. ಆಮೇಲೆ ನಮ್ಮ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು ಪುರಾಣದ ಕಥೆಗಳಿಗೆ ಕೈ ಹಾಕಿದಾಗ ಲೆಕ್ಕ ಹನ್ನೊಂದರಿಂದ ಮುಂದುವರಿಯಿತು. ಅಂದರೆ ದೇಶಕ್ಕೆಲ್ಲ ಗೊತ್ತಿರುವ ಈ ಸಾಲು ಮೊದಲು ಮಾತಾಡಿದ್ದು ಕನ್ನಡದಲ್ಲಿ.

ಆ ಹತ್ತರಲ್ಲಿ ಒಂದನ್ನಾದರೂ ಕೈಯಲ್ಲಿ ಹಿಡಿದು ನೋಡಬೇಕು ಅನ್ನುವುದು ನನ್ನ ಆಸೆ. ಪ್ರತಿ ಸಲ ಊರಿಗೆ ಬಂದಾಗ ಬೆಂಗಳೂರಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಕೇಳ್ತೀನಿ. ಇಲ್ಲಿವರೆಗೆ ಒಂದೂ ಸಿಕ್ಕಿಲ್ಲ. ಹಲ್ಕ್ 181 ಹತ್ತು ಸಾವಿರ ಇವೆ, ಫೋನಿನಲ್ಲಿ ಬೆರಳಾಡಿಸಿದರೆ ಸಿಗುತ್ತದೆ. ಇವು ಎಲ್ಲೂ ಸಿಗುವುದಿಲ್ಲ. ಆದರೂ ನಾಳೆ ಒಂದು ಸಿಕ್ಕರೆ ಅದರ ಬೆಲೆ ಅಂಗಡಿಯವನ ಆವತ್ತಿನ ಮನಸ್ಸಿಗೆ ತೋಚಿದ್ದು. ಇದಕ್ಕೆ ಹಳೇ ಹರಾಜಿನ ದಾಖಲೆ ಇಲ್ಲ. ಅಮೆರಿಕದಲ್ಲಿ 1970ರಿಂದ ವರ್ಷ ವರ್ಷವೂ ಓವರ್‌ಸ್ಟ್ರೀಟ್ ಬೆಲೆಪಟ್ಟಿ ಬರುತ್ತಿದೆ. ಕನ್ನಡದ ಚಿತ್ರಕಥೆಗಳಿಗೆ ಅಂಥದ್ದು ಒಂದು ಪುಟ ನಾನು ಕಂಡಿಲ್ಲ. ಯಾವುದು ಎಷ್ಟು ಉಳಿದಿದೆ ಅಂತ ಲೆಕ್ಕ ಹಾಕಲು ಯಾರಾದರೂ ಕೂತರೆ ನಾನು ನನ್ನ ಪಟ್ಟಿ ಕೊಡ್ತೀನಿ, ಸಮಯವನ್ನೂ ಕೊಡ್ತೀನಿ. ದುಡ್ಡಿನ ಆಸೆಗಲ್ಲ. ಬೆಲೆ ಇಲ್ಲದ್ದನ್ನು ನಮ್ಮ ಜನ ರದ್ದಿಗೆ ಹಾಕಿಬಿಡುತ್ತಾರೆ, ಅದಕ್ಕೆ.

ಸೇವೆಯ ಮಾತಿಗೆ ವಾಪಸ್ ಬರ್ತೀನಿ. ಸಿಜಿಸಿಗೆ ನಾನು ಐದಕ್ಕೆ ನಾಲ್ಕು ನಕ್ಷತ್ರ ಕೊಡ್ತೀನಿ. ಕೆಲಸ ನೀಟು, ಲೇಬಲ್ ಸ್ಪಷ್ಟ, ಡಬ್ಬಿ ಗಟ್ಟಿ. ಒಂದು ನಕ್ಷತ್ರ ಹಿಡಿದಿಟ್ಟದ್ದು ಯಾಕೆ ಅಂದರೆ ಡಬ್ಬಿಯೊಳಗೆ ಹೋದ ಪುಸ್ತಕವನ್ನು ಓದಲು ಆಗುವುದಿಲ್ಲ. ಎದುರುಗಡೆ ಮುಖಪುಟ, ಹಿಂದೆ ಹಿಂಬದಿ, ಅಷ್ಟೇ. ನಡುವಿನ ಕಥೆ, ಪತ್ರಗಳು, ಹಳೇ ಜಾಹೀರಾತು, ಆ ಕಾಗದದ ವಾಸನೆ, ಎಲ್ಲಾ ಒಳಗೇ. ಇದು ಅವರ ತಪ್ಪಲ್ಲ, ಡಬ್ಬಿಯ ಕೆಲಸವೇ ಅದು. ಆದರೆ ದುಡ್ಡು ಕೊಡುವ ಮೊದಲು ಇದನ್ನು ಯೋಚನೆ ಮಾಡಿ. ಮಗಳು ಡಬ್ಬಿಯನ್ನು ದೀಪದ ಕೆಳಗೆ ಹಿಡಿದು ಸುಮಾರು ಹೊತ್ತು ತಿರುಗಿಸಿ ನೋಡಿದಳು. ಆಮೇಲೆ "ಕಿಟಕಿ ಕಾಣಿಸ್ತಿಲ್ಲ" ಅಂದಳು. ಅವಳಿಗೆ ಆ ಕಿಟಕಿ ಇಷ್ಟ ಆಗಿಬಿಟ್ಟಿತ್ತು. ಅಪ್ಪನಿಗಿಂತ ಸ್ವಲ್ಪ ಮುಂಚೆ ಹುಟ್ಟಿದ ಯಾವುದೋ ಹುಡುಗ ಇದನ್ನು ಆಸೆಯಿಂದ ಕತ್ತರಿಸಿದ್ದಾನೆ ಅಂತ. ಹಾಗಾಗಿ ಮಾರುವ ಯೋಚನೆ ಕೈಬಿಟ್ಟೆವು. ಅವಳ ಕೋಣೆಯಲ್ಲಿ ಬಿಸಿಲು ಬೀಳದ ಗೋಡೆಯ ಮೇಲಿದೆ.

ಬೆಲೆ ಬಾಳುವ, ಮಾರುವ ಉದ್ದೇಶ ಇರುವ ಪುಸ್ತಕ ಆದರೆ ಕಳಿಸಿ. ಐವತ್ತು ಡಾಲರಿನ ಪುಸ್ತಕಕ್ಕೆ ಬೇಡ, ಶುಲ್ಕವೇ ಅದನ್ನು ತಿಂದುಹಾಕುತ್ತದೆ. ಓದಬೇಕು ಅನ್ನಿಸುವ ಪುಸ್ತಕ ಆದರೆ ಖಂಡಿತ ಬೇಡ. ಮೈಲಾರ್ ಅನ್ನುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಚೀಲ, ಹಿಂದೆ ಆಮ್ಲ ಇಲ್ಲದ ರಟ್ಟು, ತಂಪಾದ ಒಣಗಿದ ಜಾಗ. ಇಷ್ಟು ಸಾಕು. ಹರಿದ ಕಡೆ ಸೆಲ್ಲೋಟೇಪ್ ಮಾತ್ರ ಹಾಕಬೇಡಿ. ಹತ್ತು ವರ್ಷದಲ್ಲಿ ಅದು ಹಳದಿಯಾಗಿ, ಅದರ ಅಂಟು ಪುಟದೊಳಗೆ ಇಳಿಯುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.

ಕಳೆದ ತಿಂಗಳು ತಮ್ಮನಿಗೆ ಇಲ್ಲಿಂದ ಐವತ್ತು ಮೈಲಾರ್ ಚೀಲ ಕಳಿಸಿದೆ. ಅರಸೀಕೆರೆಯ ಮನೆಯ ಟ್ರಂಕಿನಲ್ಲಿ ಬೈಂಡ್ ಆಗದೆ ಉಳಿದ ಇಂದ್ರಜಾಲ ಇಪ್ಪತ್ಮೂರು ಇವೆಯಂತೆ. ಎರಡಕ್ಕೆ ಗೆದ್ದಲು ಹಿಡಿದಿದೆ, ಉಳಿದದ್ದು ಚೆನ್ನಾಗಿದೆ ಅಂದ. ನಿನ್ನೆ ಫೋಟೋ ಕಳಿಸಿದ. ಒಂದು ಫ್ಯಾಂಟಮ್ ಸಂಚಿಕೆ, ಮೇಲೆ ಬಲಗಡೆ ನೀಲಿ ಶಾಯಿಯಲ್ಲಿ ನನ್ನ ಹೆಸರು, 'ಮೂರನೇ ತರಗತಿ ಬಿ'. ಅದನ್ನು ಮೊದಲು ಚೀಲಕ್ಕೆ ಹಾಕು ಅಂತ ಹೇಳಿದ್ದೀನಿ.